ಗೋಡೆಯಾಚೆ ಎರಡು ನಿಮಿಷ

ಗೋಡೆಯ ಆಚೆಯಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು.

"ಶಿಹೊ ಅವರೇ! ನಾನು ಏಳುತ್ತಿದ್ದೇನೆ!"

ಹೆಂಗಸರ ತೊಟ್ಟಿಯ ಸುತ್ತ ನಾವು ಆರು ಜನ ಇದ್ದೆವು. ಆರೂ ಜನರ ಕೈ ನಿಂತುಹೋಯಿತು. ಬೆನ್ನಿಗೆ ಸುರಿದುಕೊಳ್ಳಲೆಂದು ಟೊಕಿಯೆ ಅಜ್ಜಿ ಎತ್ತಿದ್ದ ಚೊಂಬು ಭುಜದ ಮೇಲೆಯೇ ಉಳಿಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕತ್ತಿನವರೆಗೆ ನೀರಿನಲ್ಲಿದ್ದೆ. ಇನ್ನು ಮುಳುಗಿಸಲು ಉಳಿದದ್ದು ತಲೆ ಮಾತ್ರ.

ಹಗಿನೊಯು ಎಂಬುದು ನಮ್ಮ ಬೀದಿಯವರ ಸ್ನಾನದ ಮನೆ. ಕ್ಯೂಶೂ ದ್ವೀಪದ ಈ ಊರಿನಲ್ಲಿ ಪ್ರತಿ ಬೀದಿಗೂ ಒಂದು ಬಿಸಿನೀರಿನ ಬುಗ್ಗೆ, ಬುಗ್ಗೆಗೊಂದು ಸ್ನಾನದ ಮನೆ. ಗಂಡಸರ ತೊಟ್ಟಿಗೂ ಹೆಂಗಸರ ತೊಟ್ಟಿಗೂ ನಡುವೆ ಒಂದು ಗೋಡೆ ಇದೆ, ಅದು ಚಾವಣಿಗೆ ಎರಡು ಮೊಳ ಇರುವಾಗಲೇ ನಿಂತುಬಿಡುತ್ತದೆ. ಕಣ್ಣು ದಾಟದು, ಮಾತು ದಾಟುತ್ತದೆ. ಆ ಗೋಡೆಯ ಮೇಲಿಂದ "ಏಳ್ತೀನಿ" ಎಂದು ಹೆಸರು ಹಿಡಿದು ಕೂಗುವವರು ಗಂಡ ಹೆಂಡತಿಯರು ಮಾತ್ರ. ಒಬ್ಬರು ಮೊದಲು ಹೊರಬಂದು ಒದ್ದೆ ತಲೆಯಲ್ಲಿ ಚಳಿಗೆ ಕಾಯಬಾರದಲ್ಲ, ಅದಕ್ಕೆ. ಗೊಂದೊ ಅಜ್ಜ ಐವತ್ತು ವರ್ಷದಿಂದ ದಿನಾ ಕೂಗುತ್ತಾರೆ, "ಟೊಕಿಯೇ, ಏಳ್ತೀನಿ ಕಣೇ!" ಟೊಕಿಯೆ ಅಜ್ಜಿ ದಿನಾ "ಹೂಂ, ಎರಡೇ ನಿಮಿಷ!" ಎಂದು ಹೇಳಿ ಹತ್ತು ನಿಮಿಷ ಕೂರುತ್ತಾರೆ.

ನನ್ನನ್ನು ಹಾಗೆ ಕೂಗುವವರು ಯಾರೂ ಇಲ್ಲ. ಇದ್ದವನು ಹನ್ನೊಂದು ವರ್ಷದ ಹಿಂದೆ ಒಸಾಕಾಕ್ಕೆ ಹೊರಟುಹೋದ. ಹೋಗುವಾಗ ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕೊಡೆಯನ್ನೂ ಒಯ್ದ.

"ಏನೇ ಶಿಹೊ," ಎಂದಳು ಫುಸಾ, ಸೋಪಿನ ನೊರೆಯೊಳಗಿಂದ. "ಯಾವಾಗಿಂದ ಇದೆಲ್ಲ?"

"ಯಾವುದು?"

"ಆ ಫಾರಿನ್ನವನ ಹತ್ರ ನಿನ್ನ ಮನೆ ಬೀಗದ ಕೈ ಇದೆ ಅನ್ನೋದು."

ಗೋಡೆಯಾಚೆ ಗಂಡಸರು ಕೇಕೆ ಹಾಕಿ ನಗುತ್ತಿದ್ದರು. ನನ್ನ ಮುಖ ಕೆಂಪಾಗಿತ್ತು. ನೀರಿನ ಬಿಸಿಗೆ ಅಂದುಕೊಳ್ಳಲಿ ಎಂದು ಸುಮ್ಮನೆ ಕೂತೆ.

*

ಅವನ ಹೆಸರು ಅಮಾರೊ. ಪೋರ್ಚುಗಲ್‌ನವನು. ಮಲೆಯ ಬುಡದಲ್ಲಿರುವ ಬಿದಿರು ಕಸುಬಿನ ಶಾಲೆಯಲ್ಲಿ ಬುಟ್ಟಿ ಹೆಣೆಯುವುದನ್ನು ಕಲಿಯಲು ಬಂದಿದ್ದೇನೆ ಎನ್ನುತ್ತಿದ್ದ. ವಯಸ್ಸು ನಲವತ್ತೈದು ದಾಟಿದ ಹಾಗಿತ್ತು. ಆ ವಯಸ್ಸಿಗೆ ಯಾರಾದರೂ ಅಷ್ಟು ದೂರದಿಂದ ಬುಟ್ಟಿ ಕಲಿಯಲು ಬರುತ್ತಾರೆಯೇ? ನಾನೂ ನಂಬಿರಲಿಲ್ಲ.

ಬಂದ ಮೊದಲ ದಿನವೇ ಎಡವಟ್ಟು ಮಾಡಿಕೊಂಡಿದ್ದ. ತೊಟ್ಟಿಗೆ ಕಾಲಿಟ್ಟವನು ಹಾರಿಬಿದ್ದು, ಮೂಲೆಯ ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟ. ಗೊಂದೊ ಅಜ್ಜ ನಮ್ಮ ಸ್ನಾನದ ಮನೆಯ ಸಂಘದ ಅಧ್ಯಕ್ಷರು. ಅವರ ಎದುರಿಗೆ ತೊಟ್ಟಿಗೆ ತಣ್ಣೀರು ಬಿಡುವುದೂ ಒಂದೇ, ಅವರ ಮನೆಯ ದೇವರ ಮುಂದಿನ ದೀಪ ಆರಿಸುವುದೂ ಒಂದೇ. ಅವರು ಕೂಗಿದ ಕೂಗು ರಸ್ತೆಗೆ ಕೇಳಿಸಿತ್ತು. ಆಮೇಲೆ ಅವನು ನಲ್ಲಿಯ ಹತ್ತಿರವೂ ಹೋಗಲಿಲ್ಲ.

ತೊಟ್ಟಿಯ ಬಿಸಿ ಕಾವಲಿಗೆ ಕೂತವರ ಕೈಯಲ್ಲಿರುತ್ತದೆ. ಬುಗ್ಗೆಯ ನೀರು ಬರುವಾಗಲೇ ಅರವತ್ತು ಡಿಗ್ರಿ. ಹಿಂದಿನ ಕೋಣೆಯ ವಾಲ್ವನ್ನು ಎಷ್ಟು ಸುತ್ತು ತೆರೆಯುತ್ತೇವೋ ತೊಟ್ಟಿ ಅಷ್ಟು ಕಾಯುತ್ತದೆ. ನನ್ನಮ್ಮ ಮೂರು ಸುತ್ತು ತೆರೆಯುತ್ತಿದ್ದಳು, ನಾನೂ ಮೂರೇ. ಬಂದವರಿಗೆ ಬೆಚ್ಚಗಿನ ನೀರು ಕೊಡುವುದೆಂದರೆ ಆರಿದ ಟೀ ಕೊಟ್ಟ ಹಾಗೆ ಎನ್ನುತ್ತಿದ್ದಳು ಅಮ್ಮ. ಸೋಮವಾರ, ಗುರುವಾರ, ಶನಿವಾರ ನನ್ನ ಕಾವಲು. ಮಂಗಳವಾರ, ಬುಧವಾರ, ಶುಕ್ರವಾರ ಫುಸಾಳದು. ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲ ಬಳಿಯ ಗೂಡಿನಲ್ಲಿ ಕೂರುತ್ತೇವೆ. ಐದರ ಮೇಲೆ ನಾಣ್ಯ ಹಾಕುವ ಡಬ್ಬಿಯೇ ಕಾವಲು, ನಾವೂ ಸ್ನಾನಕ್ಕೆ ಇಳಿಯುತ್ತೇವೆ.

ಗೂಡಿನ ಕಿಟಕಿ ಒಂದು ಗೇಣು ಎತ್ತರ. ಅಲ್ಲಿಂದ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಇಡೀ ಬೀದಿಯನ್ನು ನಾನು ಕೈಯಿಂದಲೇ ಗುರುತಿಸಬಲ್ಲೆ. ಮನೆಯಲ್ಲಿ ಜಗಳವಾಡಿ ಬಂದವರ ಕೈ ನಾಣ್ಯವನ್ನು ಕುಕ್ಕುತ್ತದೆ. ಸುಳ್ಳು ಹೇಳುವವರ ಕೈ ಬೇಗ ಹಿಂದೆ ಸರಿಯುತ್ತದೆ.

ಅಮಾರೊನ ಕೈ ದೊಡ್ಡದು, ಕಂದು. ಹತ್ತು ಬೆರಳಿಗೆ ಆರು ಪ್ಲಾಸ್ಟರ್. ನಾಣ್ಯಗಳನ್ನು ಅವನು ಹಕ್ಕಿಯ ಮೊಟ್ಟೆ ಇಟ್ಟ ಹಾಗೆ ಸದ್ದಾಗದಂತೆ ಇಡುತ್ತಿದ್ದ. ಕೈ ಒಂದು ಕ್ಷಣ ಅಲ್ಲೇ ಇರುತ್ತಿತ್ತು.

ಕೂಗಿದ ಗುರುವಾರ ಅವನು ತಡವಾಗಿ, ಐದರ ಮೇಲೆ ಬಂದಿದ್ದ. ಮರುದಿನ ಬರಲಿಲ್ಲ. ಶನಿವಾರ ಎಂದಿನಂತೆ ಎರಡೂ ಹತ್ತಕ್ಕೆ ಆ ಕೈ ಕಿಟಕಿಯಲ್ಲಿ ಕಾಣಿಸಿತು.

"ಒಂದು ನಿಮಿಷ," ಎಂದೆ. "ಸ್ವಲ್ಪ ಬಗ್ಗಿ."

ಅವನು ಬಗ್ಗಿದ. ಕಿಟಕಿಯಲ್ಲಿ ಮೊದಲು ನರೆತ ಗಡ್ಡ ಬಂತು, ಆಮೇಲೆ ಮೂಗು, ಆಮೇಲೆ ಕಣ್ಣು. ತಪ್ಪು ಮಾಡಿ ಸಿಕ್ಕಿಬಿದ್ದವನ ಕಣ್ಣು, ಆದರೆ ಓಡಿಹೋಗುವವನದಲ್ಲ.

"ಗುರುವಾರ ನನ್ನ ಹೆಸರು ಕೂಗಿದ್ದು ಯಾಕೆ?"

"ಅದು ನಿಯಮವಲ್ಲವೇ?" ಎಂದ. ಪುಸ್ತಕ ಓದಿ ಕಲಿತ ಭಾಷೆ ಅವನದು. "ಗೊಂದೊ ಅವರು ಪ್ರತಿದಿನ ಗಟ್ಟಿಯಾಗಿ ತಿಳಿಸಿ ಹೊರಡುತ್ತಾರೆ. ನಾನು ಒಂದು ತಿಂಗಳಿನಿಂದ ತಿಳಿಸದೆ ಹೋಗುತ್ತಿದ್ದೆ. ಕಾವಲಿನವರಿಗೆ ಅವಮರ್ಯಾದೆಯಾಯಿತೇನೋ ಎಂದುಕೊಂಡೆ."

"ಟೊಕಿಯೆ ಅಜ್ಜಿ ಕಾವಲಿನವರಲ್ಲ. ಗೊಂದೊ ಅಜ್ಜನ ಹೆಂಡತಿ."

ಅವನು ಯೋಚಿಸಿದ. ಕೆಂಪು ಬಣ್ಣ ಗಡ್ಡದ ಕೆಳಗಿನಿಂದ ಹತ್ತಿ ಕಿವಿಯವರೆಗೆ ಹೋಗುವುದನ್ನು ನಾನು ಒಂದು ಗೇಣು ದೂರದಿಂದ ನೋಡಿದೆ.

"ಹಾಗಾದರೆ ನಾನು ಎಲ್ಲರ ಮುಂದೆ..."

"ಹೂಂ. ಎಲ್ಲರ ಮುಂದೆ."

"ಕ್ಷಮಿಸಿ. ಈ ಗೋಡೆಯಲ್ಲಿ ಒಂದು ತೂತು ಕೊರೆದು ನಾನು ಒಳಗೆ ಹೋಗಿಬಿಡುತ್ತೇನೆ."

"ತೂತು ಕೊರೆದ್ರೆ ಆ ಕಡೆ ಹೆಂಗಸರು ಇರ್ತಾರೆ. ಇನ್ನೂ ದೊಡ್ಡ ತಪ್ಪಾಗುತ್ತೆ," ಎಂದೆ.

ಅವನು ನಕ್ಕ. ನಾನು ನಗಬಾರದು ಎಂದುಕೊಂಡಿದ್ದೆ. ತುಟಿ ಕೇಳಲಿಲ್ಲ.

*

ಆ ನಗು ಎರಡು ದಿನವೂ ಬಾಳಲಿಲ್ಲ.

ಸೋಮವಾರ ಕಾವಲಿಗೆ ಕೂರುವ ಮೊದಲೇ ಫುಸಾ ಮತ್ತು ಗೊಂದೊ ಅಜ್ಜ ಹಿಂದಿನ ಕೋಣೆಯಲ್ಲಿ ನನಗಾಗಿ ಕಾದಿದ್ದರು. ಫುಸಾ ಬಾಗಿಲು ಹಾಕಿದಳು.

"ಅವನು ನೀರಿನ ಬಿಸಿ ಅಳೀತಾನೆ," ಎಂದರು ಅಜ್ಜ. "ನಾನೇ ನೋಡಿದೆ. ಟವೆಲ್‌ನೊಳಗಿಂದ ಉದ್ದನೆಯ ಥರ್ಮಾಮೀಟರ್ ತೆಗೆದು ತೊಟ್ಟಿಗೆ ಅದ್ದಿದ. ಆಮೇಲೆ ಬಟ್ಟೆ ಬಿಚ್ಚೋ ಕಡೆ ಹೋಗಿ ಪುಸ್ತಕದಲ್ಲಿ ಬರ್ಕೊಂಡ."

ನಾನು ವಾಲ್ವಿನ ಕಡೆ ನೋಡಿದೆ.

ನಮ್ಮ ಬೀದಿಯಲ್ಲಿ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆರು ವರ್ಷದ ಹಿಂದೆ ಪಕ್ಕದ ಬೀದಿಯ ಸ್ನಾನದ ಮನೆಗೂ ಒಬ್ಬ ಒಳ್ಳೆಯ ಮನುಷ್ಯ ಬರುತ್ತಿದ್ದ. ನಗುತ್ತಿದ್ದ, ಅಜ್ಜಿಯರಿಗೆ ಸಿಹಿ ತರುತ್ತಿದ್ದ, ನೀರಿನ ಬಿಸಿ ಅಳೆದು ಬರೆದುಕೊಳ್ಳುತ್ತಿದ್ದ. ಒಂದು ವರ್ಷದಲ್ಲಿ ಮೇಲಿನ ಇಳಿಜಾರಿನಲ್ಲಿ ಅವನನ್ನು ಕಳಿಸಿದ್ದ ಹೋಟೆಲಿನವರು ಆಳವಾಗಿ ಕೊಳವೆ ಇಳಿಸಿದರು. ಕೆಳಗಿನ ಬುಗ್ಗೆ ಬತ್ತಿತು. ಈಗ ಆ ಸ್ನಾನದ ಮನೆಯ ಜಾಗದಲ್ಲಿ ನಾಲ್ಕು ಕಾರು ನಿಲ್ಲುತ್ತವೆ.

"ಇನ್ನೊಂದು," ಎಂದಳು ಫುಸಾ. "ಮೊದಮೊದಲು ಎಲ್ಲಾ ದಿನ ಬರ್ತಿದ್ದ. ಈಗ ನಿನ್ನ ದಿನ ಮಾತ್ರ ಬರ್ತಾನೆ. ನಾನಾದ್ರೆ ಹಿಡಿದುಹಾಕ್ತೀನಿ ಅಂತ ಗೊತ್ತು. ನೀನಾದ್ರೆ ಒಂಟಿ ಹೆಂಗಸು, ಒಂದು ನಗು ಸಾಕು ಅಂತ ಲೆಕ್ಕ ಹಾಕಿದಾನೆ."

"ನಾನೇನು ಅಷ್ಟು ಅಗ್ಗವಾ?"

"ಶನಿವಾರ ಕಿಟಕಿಯಲ್ಲಿ ನಗ್ತಿದ್ದೆಯಂತಲ್ಲ."

ನಮ್ಮ ಬೀದಿಯ ಗೋಡೆಗಳೆಲ್ಲ ಚಾವಣಿಗೆ ಮೊದಲೇ ನಿಲ್ಲುತ್ತವೆ ಅನ್ನಿಸುತ್ತದೆ.

"ಬರೋ ಭಾನುವಾರ ಮೀಟಿಂಗ್," ಎಂದರು ಅಜ್ಜ. "ಅವನನ್ನ ಬಿಡಬೇಕಾ ಬೇಡವಾ ಅಂತ ತೀರ್ಮಾನ. ನೀನು ಹೇಳಿದ ಹಾಗೆ ಆಗ್ಲಿ, ಶಿಹೊ. ನಿಮ್ಮಮ್ಮ ಮೂವತ್ತು ವರ್ಷ ಆ ಗೂಡಿನಲ್ಲಿ ಕೂತಿದ್ದಳು. ಅವಳ ಕಣ್ಣು ನಿನಗಿದೆ. ನೋಡು."

ನಾನು ನೋಡಿದೆ. ಅಂದು ಅವನು ಬಂದಾಗ ಕೈಯನ್ನೇ ನೋಡಿದೆ.

"ಅಮಾರೊ ಅವರೇ, ಒಳಗೆ ಏನೋ ಬರೀತೀರಂತೆ?"

ಪ್ಲಾಸ್ಟರ್ ಹಾಕಿದ ಬೆರಳುಗಳು ಒಮ್ಮೆ ಮಡಚಿಕೊಂಡವು.

"ಏನೂ ಇಲ್ಲ. ಬಿದಿರಿನ ಅಳತೆಗಳು."

ಕೈ ಬೇಗ ಹಿಂದೆ ಸರಿಯಿತು.

ಅವತ್ತು ಮಧ್ಯಾಹ್ನವೆಲ್ಲ ನಾನು ಗೂಡಿನಲ್ಲಿ ಕೂತು ನನ್ನ ಮೇಲೇ ಸಿಟ್ಟಾದೆ. ಅವನು ಸುಳ್ಳು ಹೇಳಿದ್ದಕ್ಕಲ್ಲ. ಗಂಡಸರು ಸುಳ್ಳು ಹೇಳುತ್ತಾರೆ, ಅದರಲ್ಲಿ ಹೊಸದೇನಿದೆ. ಎರಡೂ ಹತ್ತಾಗುವ ಮೊದಲು ನಾನು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಿದ್ದೆ. ಕೈ ಮಾತ್ರ ಕಾಣುವ ಕಿಟಕಿಯ ಹಿಂದೆ ಕೂತು, ಕೂದಲು. ಸಿಟ್ಟು ಅದಕ್ಕೆ.

ಬುಧವಾರ ಸೈಕಲ್ಲಿನಲ್ಲಿ ಮಾರುಕಟ್ಟೆಗೆ ಹೋಗುವಾಗ ಅವನನ್ನು ಕಂಡೆ. ಮೇಲಿನ ಹೋಟೆಲಿನ ಹೆಸರು ಬರೆದ ಬಿಳಿ ವ್ಯಾನಿನಿಂದ ಇಳಿಯುತ್ತಿದ್ದ. ಕೋಟು ಹಾಕಿದವನೊಬ್ಬ ಇಳಿದು ಬಂದು ಅವನಿಗೆ ಬಾಗಿ ನಮಸ್ಕಾರ ಮಾಡಿದ. ಅಮಾರೊ ಅವನಿಗಿಂತ ಕೆಳಗೆ ಬಾಗಿದ.

ಸೈಕಲ್ ನಿಲ್ಲಿಸದೆ ಹೋದೆ. ಮೂಲಂಗಿ ಕೊಳ್ಳಲು ಹೋದವಳು ಮೂಲಂಗಿ ಮರೆತು ಬಂದೆ.

*

ಶನಿವಾರ ಕಿಟಕಿಯಲ್ಲಿ ಅವನ ಕೈ ನಾಣ್ಯ ಹುಡುಕುತ್ತಿತ್ತು. ಬಲಗೈ ಹೆಬ್ಬೆರಳಿಗೆ ಹೊಸ ಬಟ್ಟೆ ಸುತ್ತಿತ್ತು. ಹುಡುಕಲು ಅಡ್ಡಿಯಾಯಿತೆಂದು ಕಂಕುಳಲ್ಲಿದ್ದ ಟವೆಲ್, ಟವೆಲ್ ಮೇಲಿದ್ದ ಪುಸ್ತಕ ಎರಡನ್ನೂ ಕಿಟಕಿಯ ಹಲಗೆಯ ಮೇಲಿಟ್ಟ.

"ಬೆರಳಿಗೆ ಏನಾಯ್ತು?" ಕೇಳಬಾರದು ಎಂದುಕೊಂಡೇ ಕೇಳಿದೆ.

"ಬಿದಿರು ನನ್ನನ್ನು ಇನ್ನೂ ನಂಬುವುದಿಲ್ಲ," ಎಂದ. ಬಗ್ಗಿ ನನ್ನನ್ನು ನೋಡಿದ. "ನೀವೂ ನಂಬುವುದಿಲ್ಲ. ಈ ವಾರ ನೀವು ಒಮ್ಮೆಯೂ ನಗಲಿಲ್ಲ."

"ನಗೋದು ನನ್ನ ಡ್ಯೂಟಿ ಅಲ್ಲ."

"ಸರಿ," ಎಂದ. ಟವೆಲ್ ಎತ್ತಿಕೊಂಡು ಒಳಗೆ ಹೋದ.

ಪುಸ್ತಕ ಹಲಗೆಯ ಮೇಲೆಯೇ ಉಳಿಯಿತು.

ಕೂಗಿ ಕರೆಯಲು ನನಗೆ ಸಮಯವಿತ್ತು. ಬಾಗಿಲ ಪರದೆ ಇನ್ನೂ ಅಲುಗಾಡುತ್ತಿತ್ತು. ನಾನು ಪುಸ್ತಕ ತೆಗೆದು ನೋಡಿದೆ. ಸಾಲು ಸಾಲಾಗಿ ತಾರೀಖು, ಡಿಗ್ರಿ, ಅವನ ಲಿಪಿಯಲ್ಲಿ ಒಂದೊಂದು ಅಕ್ಷರ, ಮತ್ತೇನೋ ಅಂಕಿ. ಅಷ್ಟು ಸಾಕಾಯಿತು. ಮುಚ್ಚಿ, ಕೂತಿದ್ದ ದಿಂಬಿನ ಕೆಳಗಿಟ್ಟೆ.

ಹೊರಡುವಾಗ ಅವನು ಬಗ್ಗಿದ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಚರ್ಮ ಬೆಂದ ಏಡಿಯ ಬಣ್ಣಕ್ಕೆ ಬಂದಿತ್ತು.

"ಶಿಹೊ ಅವರೇ, ನನ್ನ ಪುಸ್ತಕವನ್ನು ನೋಡಿದಿರಾ?"

"ಇಲ್ಲ," ಎಂದೆ.

ಕಿಟಕಿಯ ಈಚೆ ನನ್ನ ಕೈ ಬೇಗ ಹಿಂದೆ ಸರಿಯಿತು. ಅದು ಅವನಿಗೆ ಕಾಣಿಸಿತೋ ಇಲ್ಲವೋ ತಿಳಿಯಲಿಲ್ಲ.

*

ಸ್ನಾನದ ಮನೆಯ ಮಹಡಿಯ ಮೇಲೆಯೇ ಸಂಘದ ಕೋಣೆ. ಭಾನುವಾರ ಹದಿನೇಳು ಮನೆಯವರು ಬಂದಿದ್ದರು. ಟೀ, ಅಕ್ಕಿಯ ಹಪ್ಪಳ, ಗುಸುಗುಸು. ಅಮಾರೊ ಬಾಗಿಲ ಹತ್ತಿರ ಮಂಡಿಯೂರಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಸದಸ್ಯನಾಗಿ ಸೇರಿಸಿಕೊಳ್ಳಲು ಕರೆದಿದ್ದಾರೆ ಎಂದುಕೊಂಡು ಬಂದಿದ್ದನೇನೋ, ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಮಿಠಾಯಿ ಪೊಟ್ಟಣವೂ ಇತ್ತು. ಪೊಟ್ಟಣ ನೋಡಿ ಫುಸಾ ನನ್ನನ್ನು ಚಿವುಟಿದಳು. "ನೋಡು, ಸಿಹಿ ಬೇರೆ!"

ಗೊಂದೊ ಅಜ್ಜ ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಅವನು ಪುಸ್ತಕ ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ಕೋಣೆಯಲ್ಲಿ ಕಿಟಕಿಯ ಚೌಕಟ್ಟು ಇರಲಿಲ್ಲ. ಮೊದಲ ಸಲ ಅವನ ಇಡೀ ಮುಖ ಒಟ್ಟಿಗೆ ನನ್ನ ಎದುರಿಗಿತ್ತು. ನಾನು ಟೀ ಲೋಟದೊಳಗೆ ನೋಡಿದೆ.

"ಇದು ನಿನ್ನದೇನಪ್ಪಾ?"

"ಹೌದು."

"ಯಾವ ಹೋಟೆಲಿನವರು ಬರೆಸಿದ್ದು?"

"ಯಾವ ಹೋಟೆಲು?"

"ಬುಧವಾರ ಹೋಟೆಲಿನ ವ್ಯಾನಿನಿಂದ ಇಳಿದಿರಲ್ಲ," ಎಂದೆ. ನನ್ನ ಧ್ವನಿ ನನಗೇ ಕರ್ಕಶವಾಗಿ ಕೇಳಿಸಿತು.

"ಅವರು ಬಟ್ಟೆ ಇಡುವ ಬುಟ್ಟಿಗಳನ್ನು ಹೆಣೆದುಕೊಡಲು ಶಾಲೆಗೆ ಹೇಳಿದ್ದರು. ನನ್ನ ಗುರುಗಳು ನನ್ನನ್ನು ತಲುಪಿಸಲು ಕಳುಹಿಸಿದರು. ಹನ್ನೆರಡು ಬುಟ್ಟಿ. ಅದರಲ್ಲಿ ನಾನು ಹೆಣೆದದ್ದು ಒಂದು. ಆ ಒಂದನ್ನು ವಾಪಸು ಕೊಟ್ಟರು."

ಯಾರೋ ಫಕ್ಕನೆ ನಕ್ಕು ಕೆಮ್ಮಿದರು. ಅಜ್ಜ ನಗಲಿಲ್ಲ. "ಓದು. ಏನು ಬರೆದಿದ್ದೀಯ ಗಟ್ಟಿಯಾಗಿ ಓದು."

"ದಯವಿಟ್ಟು ಬೇಡ."

"ಓದಬೇಕು."

ಅವನು ಪುಸ್ತಕ ತೆರೆದ.

"ಅಕ್ಟೋಬರ್ ಏಳು, ಸೋಮವಾರ. ನಲವತ್ತೈದು ಪಾಯಿಂಟ್ ಆರು. ಎಸ್. ಇಪ್ಪತ್ತು ಸೆಕೆಂಡು."

"ಎಸ್ ಅಂದ್ರೆ?"

"ಶಿಹೊ ಅವರ ಕಾವಲು."

"ಇಪ್ಪತ್ತು ಸೆಕೆಂಡು?"

"ನಾನು ತೊಟ್ಟಿಯಲ್ಲಿ ಕುಳಿತ ಸಮಯ." ಅವನು ತಲೆ ಎತ್ತಲಿಲ್ಲ. "ನನಗೆ ಈ ಬಿಸಿ ತಡೆಯಲಾಗುವುದಿಲ್ಲ. ನಲ್ಲಿ ತಿರುಗಿಸಬಾರದು. ಆದ್ದರಿಂದ ಯಾವ ದಿನ ನೀರು ಕಡಿಮೆ ಬಿಸಿ ಇರುತ್ತದೆ ಎಂದು ತಿಳಿದುಕೊಂಡರೆ, ಆ ದಿನ ಬಂದು ಯಾರಿಗೂ ತೊಂದರೆ ಕೊಡದೆ ಹೋಗಬಹುದು ಎಂದುಕೊಂಡೆ. ಥರ್ಮಾಮೀಟರ್ ಶಾಲೆಯದು. ಬಿದಿರನ್ನು ಬೇಯಿಸುವಾಗ ಉಪಯೋಗಿಸುತ್ತೇವೆ."

"ಮುಂದೆ."

"ಎಂಟು, ಮಂಗಳವಾರ. ನಲವತ್ತೆರಡು ಪಾಯಿಂಟ್ ನಾಲ್ಕು. ಎಫ್. ಹನ್ನೆರಡು ನಿಮಿಷ."

"ಎಷ್ಟು?" ಗೊಂದೊ ಅಜ್ಜ ಎದ್ದು ನಿಂತರು. "ನಲವತ್ತೆರಡಾ? ಫುಸಾ! ನನ್ನ ಮಂಡಿನೋವು ಮಂಗಳವಾರ ಯಾಕೆ ಜಾಸ್ತಿ ಅಂತ ಈಗ ಗೊತ್ತಾಯ್ತು!"

"ಎದೆ ನೋವಿರೋರು ಬರ್ತಾರೆ, ಅವರಿಗೂ ಬೇಡ್ವೇನ್ರೀ?" ಫುಸಾ ಹಪ್ಪಳ ಹಿಡಿದೇ ಎದ್ದಳು. "ಶಿಹೊ ಥರ ಎಲ್ಲರನ್ನೂ ಮೊಟ್ಟೆ ಬೇಯಿಸಿದ ಹಾಗೆ ಬೇಯಿಸಬೇಕಾ?"

ಹದಿನೇಳು ಮನೆಯವರು ಎರಡು ಪಕ್ಷವಾದರು. ಬಿಸಿ ಬೇಕೆನ್ನುವವರು, ಹದ ಬೇಕೆನ್ನುವವರು. ಅಮಾರೊನನ್ನು ಎಲ್ಲರೂ ಮರೆತರು, ಟೊಕಿಯೆ ಅಜ್ಜಿಯೊಬ್ಬರನ್ನು ಬಿಟ್ಟು.

"ರೀ, ಸ್ವಲ್ಪ ಕೂತ್ಕೊಳ್ಳಿ," ಎಂದರು ಅಜ್ಜಿ ಗಂಡನಿಗೆ. "ಅಮಾರೊ, ಎರಡು ವಾರ ಆದಮೇಲಿನದು ಓದಪ್ಪಾ."

ಅವನು ಹಾಳೆ ತಿರುವಿ, ಸಾಲುಗಳನ್ನು ಅಂಗೈಯಿಂದ ಮುಚ್ಚಿದ.

"ಓದು. ಅಜ್ಜಿ ಕೇಳ್ತಿದೀನಿ."

"ಇಪ್ಪತ್ತೊಂದು. ನಲವತ್ತೈದು ಪಾಯಿಂಟ್ ಐದು. ಎಸ್. ಐವತ್ತು ಸೆಕೆಂಡು." ಧ್ವನಿ ಇಳಿಯಿತು. "ಇಪ್ಪತ್ತನಾಲ್ಕು. ನಲವತ್ತೈದು ಪಾಯಿಂಟ್ ಎಂಟು. ಎಸ್. ಒಂದು ನಿಮಿಷ. ಇಪ್ಪತ್ತಾರು. ಎಸ್..."

"ಎಫ್ ಎಲ್ಲಿ?"

"ಆಮೇಲೆ ಎಫ್ ಇಲ್ಲ."

"ಹನ್ನೆರಡು ನಿಮಿಷ ಸುಖವಾಗಿ ಕೂರೋ ನೀರು ಯಾವ ದಿನ ಸಿಗುತ್ತೆ ಅಂತ ಪತ್ತೆ ಮಾಡಿಬಿಟ್ಟು," ಎಂದರು ಟೊಕಿಯೆ ಅಜ್ಜಿ, ಒಂದೊಂದೇ ಮಾತನ್ನು ಟೀ ಕುಡಿದ ಹಾಗೆ ನಿಧಾನವಾಗಿ, "ಸುಡೋ ದಿನಾನೇ ಹುಡುಕಿಕೊಂಡು ಯಾಕೆ ಬಂದೆ?"

ಕೆಳಗೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

ಅವನು ಪುಸ್ತಕ ಮುಚ್ಚಿದ. ನನ್ನ ಕಡೆ ನೋಡಲಿಲ್ಲ. ಹಾಗೆ ನೋಡದೆ ಇದ್ದದ್ದೇ ಹದಿನೇಳು ಮನೆಗೂ ಉತ್ತರವಾಯಿತು.

"ನನ್ನಿಂದ ತುಂಬಾ ತೊಂದರೆಯಾಯಿತು," ಎಂದ. "ಇನ್ನು ಬರುವುದಿಲ್ಲ." ಹಣೆ ಚಾಪೆಗೆ ತಾಗುವಷ್ಟು ಬಾಗಿ ಎದ್ದು ಹೋದ. ಪುಸ್ತಕ ಮೇಜಿನ ಮೇಲಿತ್ತು. ಮಿಠಾಯಿ ಪೊಟ್ಟಣ ಬಾಗಿಲ ಬಳಿ.

ಹಪ್ಪಳ ಕಡಿಯಲು ಫುಸಾಳಿಗೂ ಧೈರ್ಯ ಬರಲಿಲ್ಲ.

*

ಸೋಮವಾರ ಎರಡೂ ಹತ್ತು ಆಯಿತು. ಎರಡೂವರೆ, ಮೂರು. ಎಷ್ಟೋ ಕೈಗಳು ಕಿಟಕಿಯಲ್ಲಿ ಬಂದು ಹೋದವು. ಎಲ್ಲವೂ ನಾಣ್ಯವನ್ನು ಸದ್ದು ಮಾಡಿ ಇಟ್ಟವು.

ನಾಲ್ಕಕ್ಕೆ ಟೊಕಿಯೆ ಅಜ್ಜಿಯ ಮೂಳೆಗೈ ಬಂತು. ಹೋಗಲಿಲ್ಲ.

"ನೀನೇ ಕೊಟ್ಟೆ ತಾನೇ ಪುಸ್ತಕ?"

"ಹೂಂ."

"ನಾನಾಗಿದ್ರೂ ಕೊಡ್ತಿದ್ದೆ. ಬುಗ್ಗೆ ದೊಡ್ಡದು." ಅಜ್ಜಿ ಕಿಟಕಿಯೊಳಗೆ ಕೈ ತೂರಿಸಿ ನನ್ನ ಮಣಿಕಟ್ಟು ತಟ್ಟಿದರು. "ಅನುಮಾನ ಪಡೋದು ಕಾವಲಿನವಳ ಕೆಲಸ. ತಪ್ಪಿಲ್ಲ. ಆದ್ರೆ ಅನುಮಾನ ತೀರಿದ ಮೇಲೂ ಕೂತಲ್ಲೇ ಕೂತಿರೋದು ಯಾವ ಕೆಲಸ ತಾಯಿ?"

"ನನಗೆ ಹೆದರಿಕೆ ಅಜ್ಜಿ. ಒಸಾಕಾಕ್ಕೆ ಹೋದ ಆ ಮೊದಲನೆಯವನೂ ಚೆನ್ನಾಗೇ ನಗ್ತಿದ್ದ."

"ಮೊದಲನೆಯವನು ನಿನ್ನ ತೊಟ್ಟಿಯಲ್ಲಿ ಒಂದು ದಿನವಾದ್ರೂ ಬೆಂದಿದ್ನಾ?"

ಯೋಚಿಸಿ ನೋಡಿದೆ. ಅವನು ಮದುವೆಯಾದ ಮೊದಲ ವಾರವೇ ಮನೆಯೊಳಗೆ ಶವರ್ ಹಾಕಿಸಿದ್ದ.

ಬುಧವಾರ ಬೆಳಿಗ್ಗೆ ಬಿದಿರು ಶಾಲೆಗೆ ಹೋದೆ. ಅಂಗಳದಲ್ಲಿ ಅಮಾರೊ ದೊಡ್ಡ ಕಬ್ಬಿಣದ ತೊಟ್ಟಿಯಲ್ಲಿ ಬಿದಿರು ಬೇಯಿಸುತ್ತಿದ್ದ. ಆವಿಯೊಳಗೆ ನಿಂತವನನ್ನು ನಾನು ಗುರುತಿಸಿದ್ದು ಕೈಯಿಂದಲೇ. ನನ್ನನ್ನು ಕಂಡು ಅವನು ಕೋಲನ್ನು ತೊಟ್ಟಿಯೊಳಗೇ ಬಿಟ್ಟ.

"ನಾನು ಸುಳ್ಳು ಹೇಳಿದೆ," ಎಂದೆ. "ಪುಸ್ತಕ ನನ್ನ ದಿಂಬಿನ ಕೆಳಗಿತ್ತು."

"ತಿಳಿದಿದೆ. ನೀವು ಅಂದು ಒಂದು ಕಡೆ ಎತ್ತರವಾಗಿ ಕುಳಿತಿದ್ದಿರಿ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀವು ಓದಬೇಕು ಎಂದೂ ಆಸೆಯಿತ್ತು. ಓದಬಾರದು ಎಂದೂ." ಅವನು ಹೆಬ್ಬೆರಳಿನ ಬಟ್ಟೆಯನ್ನು ಸುತ್ತುತ್ತಾ ನಿಂತ. "ನಾನೂ ಸುಳ್ಳು ಹೇಳಿದ್ದೆ. ಅದು ಬಿದಿರಿನ ಅಳತೆಯಲ್ಲ."

"ಹೂಂ. ಈಗ ಇಡೀ ಬೀದಿಗೆ ಗೊತ್ತು."

ತೊಟ್ಟಿಯಲ್ಲಿ ಬಿದಿರು ಬೇಯುತ್ತಿತ್ತು. ಹಸಿರು ಬಣ್ಣ ಬಿಟ್ಟು ಅದು ಮೆಲ್ಲಗೆ ಬೆಳ್ಳಗಾಗುತ್ತಿತ್ತು. ನಾನು ಪುಸ್ತಕವನ್ನು ಅವನ ಕೈಗಿತ್ತೆ. ಆ ಕೈ ಎಂದಿನ ಹಾಗೆ ಒಂದು ಕ್ಷಣ ಅಲ್ಲೇ ಉಳಿಯಿತು. ಈ ಸಲ ನನ್ನದೂ ಬೇಗ ಸರಿಯಲಿಲ್ಲ.

"ಕೊನೆಯ ಸಾಲು ನನ್ನದು," ಎಂದೆ. "ನಾನು ಹೋದಮೇಲೆ ನೋಡಿ." ಅವನು ತೆರೆಯುವ ಮೊದಲೇ ಸೈಕಲ್ ಹತ್ತಿಬಿಟ್ಟೆ.

ಅವನ ಸಾಲುಗಳ ಕೆಳಗೆ, ಅವನ ಹಾಗೆಯೇ ಗೆರೆ ಎಳೆದು ಬರೆದಿದ್ದೆ. ಗುರುವಾರ. ನಲವತ್ತಮೂರು. ಎಸ್. ಕೊನೆಯ ಮನೆ, ಎಷ್ಟು ನಿಮಿಷ ಎಂಬುದು, ಖಾಲಿ.

*

ಗುರುವಾರ ಹಿಂದಿನ ಕೋಣೆಯಲ್ಲಿ ವಾಲ್ವಿನ ಮುಂದೆ ನಿಂತೆ. ಒಂದು ಸುತ್ತು. ಎರಡು ಸುತ್ತು. ಕೈ ಮೂರನೆಯದಕ್ಕೆ ತಾನೇ ಹೊರಟಿತು. ಹಿಡಿದು ನಿಲ್ಲಿಸಿದೆ. ಅಮ್ಮಾ, ಒಬ್ಬರಿಗೆ ಆರಿದ ಟೀ ಇನ್ನೊಬ್ಬರಿಗೆ ಕುಡಿಯುವ ಹದ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಎರಡೂ ಹತ್ತು ಕಳೆಯಿತು. ಮೂರು ಕಳೆಯಿತು. ನಾಲ್ಕೂ ಕಳೆಯಿತು. ನಾನು ಕನ್ನಡಿ ನೋಡುವುದನ್ನು ಬಿಟ್ಟೆ.

ಐದಕ್ಕೆ ಐದು ನಿಮಿಷವಿರುವಾಗ ಎರಡು ನಾಣ್ಯ ಸದ್ದಿಲ್ಲದೆ ಹಲಗೆಯ ಮೇಲೆ ಬಂದು ಕೂತವು. ಅವನು ಬಗ್ಗಲಿಲ್ಲ. ನಾನು ಬಗ್ಗಿ ಎನ್ನಲಿಲ್ಲ. ಪ್ಲಾಸ್ಟರುಗಳು ಮೂರಕ್ಕೆ ಇಳಿದಿದ್ದವು. ಪರದೆ ಅಲುಗಿತು, ಅಷ್ಟೆ.

ಡಬ್ಬಿ ಇಟ್ಟು ನಾನು ಹೆಂಗಸರ ಕಡೆ ಹೋದೆ. ಮೈ ತೊಳೆದು ತೊಟ್ಟಿಗೆ ಇಳಿಯುವಷ್ಟರಲ್ಲಿ ಗೋಡೆಯಾಚೆ ಗೊಂದೊ ಅಜ್ಜ ಗುಡುಗಿದರು.

"ಯಾರು ಇವತ್ತು ಕಾವಲು? ಶಿಹೊ ತಾನೇ? ಏನು ನೀರಮ್ಮಾ ಇದು, ಮೀನು ಸಾಕಬಹುದು!"

"ಹೂಂ, ನಾನೇ ಅಜ್ಜ!" ಎಂದು ಕೂಗಿದೆ. "ನಲವತ್ತಮೂರು!"

"ಯಾಕೆ?"

ಈ ಕಡೆ ಫುಸಾ ಬಾಯಿಗೆ ಟವೆಲ್ ತುರುಕಿಕೊಂಡಿದ್ದಳು. ಟೊಕಿಯೆ ಅಜ್ಜಿ ಗೋಡೆಯ ಕಡೆ ತಿರುಗಿ, "ರೀ, ಐವತ್ತು ವರ್ಷದಲ್ಲಿ ನನಗೋಸ್ಕರ ನೀವು ಒಂದು ಡಿಗ್ರಿಯಾದ್ರೂ ಇಳಿಸಿದ್ದೀರಾ? ಸುಮ್ನೆ ಕೂತ್ಕೊಳ್ಳಿ!" ಎಂದರು.

ಗಂಡಸರ ಕಡೆ ನಗು ಎದ್ದು ಅಡಗಿತು. ಆಮೇಲೆ ನೀರಿನ ಸದ್ದು ಮಾತ್ರ. ನಾನು ಕಿವಿಗೊಟ್ಟೆ. ಅಲ್ಲಿ ಯಾರೋ ನಿಧಾನವಾಗಿ ನೀರಿಗೆ ಇಳಿದರು. ಹಾರಿಬೀಳಲಿಲ್ಲ, ಏದುಸಿರು ಬಿಡಲಿಲ್ಲ. ಉದ್ದವಾದ ಒಂದು ನಿಟ್ಟುಸಿರು ಗೋಡೆ ಹತ್ತಿ ಈ ಕಡೆಗೆ ಇಳಿದು ಬಂತು. ಅದು ಯಾರದೆಂದು ಕೈ ನೋಡದೆಯೇ ನನಗೆ ಗೊತ್ತಾಯಿತು.

ಎಷ್ಟೋ ಹೊತ್ತು ಹಾಗೆ ಕೂತಿದ್ದೆವು, ಗೋಡೆಯ ಆ ಕಡೆ ಅವನು, ಈ ಕಡೆ ನಾನು, ಒಂದೇ ಬುಗ್ಗೆಯ ನೀರಿನಲ್ಲಿ. ನನ್ನ ಬೆರಳ ತುದಿಗಳು ಸುಕ್ಕುಗಟ್ಟಿದವು. ಎದೆ ಡವಗುಟ್ಟುತ್ತಿತ್ತು, ನಲವತ್ತಮೂರು ಡಿಗ್ರಿಗೆ ಹಾಗೆ ಆಗುವುದಿಲ್ಲ. ತೊಟ್ಟಿಯ ಅಂಚು ಹಿಡಿದು ಎದ್ದು ನಿಂತೆ. ಎಲ್ಲರ ಚೊಂಬುಗಳೂ ನಿಂತವು.

"ಅಮಾರೊ!" ಗೋಡೆಯ ಕಡೆ ಮುಖ ಮಾಡಿ ಕೂಗಿದೆ. "ನಾನು ಏಳ್ತೀನಿ!"

ಆ ಕಡೆ ಒಂದು ಚೊಂಬು ಕೈಜಾರಿ ನೆಲಕ್ಕೆ ಬಿದ್ದು ಉರುಳಿತು. ಗೊಂದೊ ಅಜ್ಜನದೇ ಇರಬೇಕು. ಆಮೇಲೆ, ಪುಸ್ತಕದ ಭಾಷೆಯಲ್ಲದ, ಐವತ್ತು ವರ್ಷದಿಂದ ಈ ಗೋಡೆ ಕೇಳಿದ ಭಾಷೆಯಲ್ಲಿ ಅವನ ದನಿ ಬಂತು.

"ಹೂಂ, ಎರಡೇ ನಿಮಿಷ!"

ಟೊಕಿಯೆ ಅಜ್ಜಿ ನನ್ನ ಕೈ ಹಿಡಿದು ಮೆಲ್ಲಗೆ ಕೆಳಗೆಳೆದರು.

"ಕೂತ್ಕೋ ತಾಯಿ," ಎಂದರು. "ಇನ್ನು ಹತ್ತು ನಿಮಿಷ ಆಗುತ್ತೆ."